ದಿನ ಬಿಟ್ಟು ದಿನ

"ಸಂಬಳ ಜಾಸ್ತಿ ಮಾಡಿದ್ರೆ ದಿನ ಕಮ್ಮಿ ಮಾಡ್ಲೇಬೇಕಾಗತ್ತೆ. ಇನ್ಮೇಲೆ ದಿನ ಬಿಟ್ಟು ದಿನ ಬನ್ನಿ, ಸಾಕು," ಎಂದಳು ಮುದುಕಿಯ ಮಗಳು, ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತ.

ಮುದುಕಿಯ ಅರ್ಧ ಹೆಣೆದ ಜಡೆಯ ಮೇಲೆ ಆಯಾಳ ಕೈ ನಿಂತಿತು. ಬಸ್ ದರ ಏರಿತೆಂದು ಬಾಯಿಬಿಟ್ಟು ಕೇಳಿದ್ದಳು, ಕೇಳಿದ್ದೇ ತಪ್ಪಾಯಿತು. ವಾದಿಸಲು ತ್ರಾಣವಿರಲಿಲ್ಲ. "ಆಯ್ತು ಮೇಡಂ," ಎಂದಳು.

ಮಗಳು ಹೋದ ಮೇಲೆ, ಕೈ ಎತ್ತಲಾಗದ ಮುದುಕಿ ಕನ್ನಡಿಯಲ್ಲಿ ಆಯಾಳ ಮುಖವನ್ನೇ ನೋಡಿದಳು. "ಅವಳಿಗೆ ದಿನ ಬಿಟ್ಟು ದಿನ ಸಾಕು. ನಂಗೆ ದಿನಾ ಬೆಳಗಾಗತ್ತಲ್ಲೇ."

ಆಯಾ ಹೆಣೆದಿದ್ದನ್ನು ಬಿಚ್ಚಿ, ಬುಡದಿಂದ ಮತ್ತೆ ಬಿಗಿಯಾಗಿ ಹೆಣೆಯತೊಡಗಿದಳು.

"ನೋಯತ್ತೆ ಕಣೇ," ಎಂದಳು ಮುದುಕಿ.

"ಸ್ವಲ್ಪ ತಡ್ಕೊಳ್ಳಿ ಅಮ್ಮ. ನಾಡಿದ್ದಿನವರೆಗೂ ನಿಲ್ಬೇಕಲ್ಲ."