ಪಂಪಿಗೊಂದು ಪೂಜೆ

ಪಂಪು ನಿಂತಿತ್ತು. ಅದರ ಮೇಲೆ ಕುಂಕುಮ, ಬಾಡಿದ ಚೆಂಡುಹೂವು.

ದಸರೆಗೆ ವಿಜಾಪುರಕ್ಕೆ ಹೋಗಿ ಪುಣೆಯ ಪ್ರಯೋಗಾಲಯಕ್ಕೆ ಮರಳಿದ ಅನುಸೂಯಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಪಂಪು ಹರಿಸುತ್ತಿದ್ದ ದ್ರವದ ಸೆಳೆತಕ್ಕೆ ಮೈ ನೀಳವಾಗಿಸಿಕೊಂಡು ಒಂದೇ ದಿಕ್ಕಿಗೆ ಸಾಲಾಗಿದ್ದ ಕಾಂಡಕೋಶಗಳು ಈಗ ದಿಕ್ಕಾಪಾಲಾಗಿದ್ದವು. ಮೂರು ತಿಂಗಳ ಕೆಲಸ ಹಾಳು.

"ಕಾಶಪ್ಪಣ್ಣ, ಇದನ್ನ ಯಾರ್ ಬಂದ್ ಮಾಡಿದ್ರು?"

"ನಾನ ರೀ," ಎಂದ ಲ್ಯಾಬಿನ ಸಹಾಯಕ, ಹೆಮ್ಮೆಯಿಂದ. "ಖಂಡೇನವಮಿ ದಿನ ಮಶೀನ ದುಡಿಸಬಾರದಲ್ರೀ. ಇದಕ್ಕೂ ಪೂಜಾ ಮಾಡ್ಲೇನ್ರಿ ಅಂತ ನಿಮಗ ಕೇಳಿದ್ನಲ್ಲ ಮೇಡಂ."

ಕೇಳಿದ್ದು ನಿಜ. ಬಸ್ಸು ಹಿಡಿಯುವ ಅವಸರದಲ್ಲಿ, "ಚಂದಂಗ ಮಾಡ್ರಿ," ಎಂದು ನಕ್ಕು ಹೊರಟಿದ್ದಳು.

ಬೈಯಲು ಬಾಯಿ ತೆರೆದವಳು ಹೂವನ್ನೇ ನೋಡುತ್ತ ನಿಂತಳು. ಅದೇ ದಿನ ಊರಲ್ಲಿ ಅಪ್ಪನ ಹಿಟ್ಟಿನ ಗಿರಣಿಗೆ ಕುಂಕುಮ ಹಚ್ಚುವ ಮುಂಚೆ ಅದರ ಸ್ವಿಚ್ ಆರಿಸಿದ್ದು ಅವಳದೇ ಕೈ.