ಕಾಣದ ಹುಳಗಳು

ವೀರಬಸಪ್ಪ ಶಿವನನ್ನು ನೆನೆದು ನೀರಿನ ಕ್ಯಾನನ್ನು ಸೇವಂತಿಗೆಯ ಬುಡಕ್ಕೆ ಬಗ್ಗಿಸಿದರು. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳಿದ್ದವು. ಅವು ಗಿಡ ತಿನ್ನುವ ಸಿಂಬಳಹುಳಗಳ ಒಳಹೊಕ್ಕು ಕೊಲ್ಲುತ್ತವೆ ಎಂದು ಯಲಹಂಕದ ನರ್ಸರಿಯವನು ಹೇಳಿದ್ದ.

"ಸಿಂಬಳಹುಳಕ್ಕ ಉಪ್ಪು ಹಾಕಿದ್ದಕ್ಕ ನಿನ್ನೆ ಬೀಗರ ಮುಂದ ನನ್ನ ಕಟುಕಿ ಅಂದ್ರಿ. ಇದೇನ್ರಿ ಮಾವಾರ?" ಸೊಸೆ ಪ್ರತಿಭಾ ಕ್ಯಾನಿನತ್ತ ಬೆರಳು ತೋರಿಸಿದಳು.

"ನಾ ಎಲ್ಲಿ ಕೊಂದೆ? ಹುಳಾನ ಹುಳ ತಿಂತೈತಿ, ಅದು ಶಿವನ ಲೆಕ್ಕ. ಉಪ್ಪು ಹಾಕಿದ್ರ ಒದ್ದಾಡ್ತಾವು, ನೋಡಾಕ ಆಗಂಗಿಲ್ಲ," ಎಂದು ಅವರು ನೊಸಲಿನ ವಿಭೂತಿಗೆ ನೀರು ಸಿಡಿಯದಂತೆ ಹಿಂದೆ ಸರಿದರು.

ಪಕ್ಕದಲ್ಲೇ ಅವರ ಶಿವಪೂಜೆಗೆಂದು ಹೂ ಬಿಡಿಸುತ್ತಿದ್ದ ಹೆಂಡತಿ ಕಾಶವ್ವ ಕೈ ತಡೆದಳು. ಮದುವೆಯಾದಂದಿನಿಂದ ಆ ಕೆಲಸ ಅವಳದೇ. ಬುಟ್ಟಿಯ ಹೂವನ್ನೆಲ್ಲ ಒದ್ದೆ ಮಣ್ಣಿಗೆ ಸುರಿದಳು.

"ಹಂಗಾರ ಇನ್ನ ನಿಮ್ಮ ಪೂಜೀನೂ ಆ ಹುಳಾನ ಮಾಡ್ಲಿ ಬಿಡ್ರಿ."