ಹೇನಿನ ಹಣಿಗೆ

ಒಂದನ್ನೂ ಬಿಡದೆ ಪರೀಕ್ಷಿಸುವುದಕ್ಕೆ ಇಂಗ್ಲಿಷಿನವರು ‘ಸಣ್ಣ ಹಲ್ಲಿನ ಹಣಿಗೆಯಿಂದ ಬಾಚುವುದು’ ಎನ್ನುತ್ತಾರೆಂದು ಮೊಮ್ಮಗಳು ಓದಿ ಹೇಳಿದಾಗ, ಸಿರುಗುಪ್ಪದ ನಮ್ಮ ಪಡಸಾಲೆಯ ಔಡಲೆಣ್ಣೆ ವಾಸನೆ ಮೂಗಿಗೆ ಬಡಿಯಿತು.

ಅಂದು ಮಧ್ಯಾಹ್ನದ ಬಸ್ಸಿಗೆ ಕುರುಗೋಡಿನಿಂದ ಅಕ್ಕನನ್ನು ನೋಡಲು ಬರುವವರಿದ್ದರು. ಗಂಡಿನ ಕಡೆಯ ಹೆಂಗಸರು ಹುಡುಗಿಯ ಜಡೆ ಬಿಚ್ಚಿ ನೋಡುವುದು ರೂಢಿ. ಅವ್ವ ಔಡಲೆಣ್ಣೆ ಹಚ್ಚಿ, ಹೇನಿನ ಹಣಿಗೆಯಿಂದ ಅಕ್ಕನ ತಲೆ ಬಾಚಿದಳು, ಮತ್ತೆ ಬಾಚಿದಳು; ಬೈತಲೆಯಲ್ಲಿ ರಕ್ತ ಜಿನುಗಿದರೂ ಬಿಡಲಿಲ್ಲ. ಕಿವಿಯ ಹಿಂದೆ, ಕೂದಲೊಳಗೆ, ರೂಪಾಯಿಯಗಲದ ಬಿಳಿ ಮಚ್ಚೆಯಿತ್ತು. ಮೊದಲು ಬಂದವರು ಅದನ್ನು ಕಂಡೇ ಎದ್ದು ಹೋಗಿದ್ದರು. ಅವ್ವ ಅದಕ್ಕೆ ಕಾಡಿಗೆ ತಿಕ್ಕಿದಳು.

“ಬಸವಣ್ಣಾ, ಇದೊಂದ್ಸಲ ಅವರ ಕಣ್ಣು ಮುಚ್ಚಪ್ಪಾ.”

ಹುಡುಗನ ತಾಯಿ ಜಡೆ ಬಿಚ್ಚಿ, ಕೂದಲಲ್ಲಿ ಬೆರಳಾಡಿಸಿದರು.

“ಕೂದ್ಲು ದಂಡಿ ಅದಾವ್ರಿ.”

ಅವ್ವ ಉಸಿರುಬಿಟ್ಟಳು. ಹುಡುಗನ ತಾಯಿ ಒಮ್ಮೆ ತಮ್ಮ ಬೆರಳಿಗೆ ಹತ್ತಿದ ಕಪ್ಪು ನೋಡಿಕೊಂಡರು. ಅಕ್ಕನ ಹೊಸ ನೈಲಾನ್ ಸೀರೆಯ ಸೆರಗಿಗೇ ಅದನ್ನು ಒರೆಸಿ, “ಬರ್ತೀವ್ರಿ” ಎಂದು ಎದ್ದರು.

ಉಪ್ಪಿಟ್ಟು ತಟ್ಟೆಗಳಲ್ಲೇ ಆರಿತು. ಅಕ್ಕ ಹಣಿಗೆಯನ್ನು ಹುಡುಕಿ ತಂದು ಅವ್ವನ ಕೈಗಿಟ್ಟು, ಬೆನ್ನು ತಿರುಗಿಸಿ ಕೂತಳು.

“ಇನ್ನೊಮ್ಮೆ ಬಾಚವ್ವಾ. ನನ್ನಾಗ ಇನ್ನೂ ಏನೇನು ಐತಿ, ನೋಡಿ ಮುಗಿಸಿಬಿಡು.”